ಸಲಹೆ ಕೊಡುವವನು ಎಲ್ಲಿ ವಾಸಿಸಬೇಕು?

ಪ್ರತಿಯೊಂದು ಧರ್ಮಕೇಂದ್ರದ ಕುಟುಂಬ ದಾಖಲೆ ಪುಸ್ತಕದಲ್ಲಿ ಉದ್ಯೋಗ ಎಂಬ ಒಂದು ಅಂಕಣವಿರುತ್ತದೆ. ಹಿಂದೆ ಅದನ್ನು ತುಂಬುವುದು ಕಷ್ಟದ ಕೆಲಸವಾಗಿರಲಿಲ್ಲ. ಶಿಕ್ಷಕಿ, ನರ್ಸು, ರೈಲ್ವೆ ನೌಕರ, ಗೌಂಡಿ, ಡ್ರೈವರ್, ಒಕ್ಕಲುತನ ಎಂದು ಬರೆದರೆ ಮುಗಿಯುತ್ತಿತ್ತು. ಈಗ ಮನೆಭೇಟಿಗೆ ಹೋದಾಗ ಮಗ ಏನು ಮಾಡುತ್ತಾನೆ ಎಂದು ಕೇಳಿದರೆ ತಾಯಂದಿರು ಒಂದು ಕ್ಷಣ ತಡೆಯುತ್ತಾರೆ. "ಕನ್ಸಲ್ಟಿಂಗ್ ಕಂಪನ್ಯಾಗ ಅದಾನ್ರೀ ಫಾದರ್, ಬೆಂಗಳೂರಾಗ." ಅಲ್ಲಿ ಏನು ಕೆಲಸ? "ದೊಡ್ಡ ದೊಡ್ಡ ಕಂಪನಿಗೋಳಿಗೆ ಸಲಹಾ ಕೊಡ್ತಾನಂತ್ರೀ." ಇಷ್ಟು ಹೇಳಿ ಅವರೇ ನಗುತ್ತಾರೆ. ಸಲಹೆಯನ್ನು ಪುಕ್ಕಟೆಯಾಗಿ, ಕೇಳದಿದ್ದರೂ ಕೊಡುವ ನಮ್ಮ ಉತ್ತರ ಕರ್ನಾಟಕದಲ್ಲಿ, ಅದಕ್ಕೂ ಪಗಾರವಿದೆ ಎಂಬುದು ಸ್ವಲ್ಪ ನಗೆ ತರಿಸುವ ಸಂಗತಿಯೇ ಸರಿ.

ಆದರೆ ಇದು ನಗುವ ವಿಷಯವಲ್ಲ. ಒಂದು ಕಾರ್ಖಾನೆಯನ್ನು ಮುಚ್ಚಬೇಕೇ, ನಡೆಸಬೇಕೇ, ನಾನೂರು ಜನ ಮಾಡುವ ಕೆಲಸವನ್ನು ಇನ್ನೂರೈವತ್ತು ಜನರಿಂದ ಮಾಡಿಸಬಹುದೇ, ಒಂದು ಆಸ್ಪತ್ರೆ ಎಷ್ಟು ಹಾಸಿಗೆಗಳನ್ನು ಬಡವರಿಗಾಗಿ ಇಡಬಹುದು ಎಂಬಂಥ ಪ್ರಶ್ನೆಗಳ ಬಗೆಗೆ ಇಪ್ಪತ್ತೈದು ವರ್ಷದ ನಮ್ಮ ಹುಡುಗ ಹುಡುಗಿಯರು ಇಂದು ವರದಿ ಬರೆಯುತ್ತಿದ್ದಾರೆ. ಹಿಂದಿನ ಅರಸರ ಬಳಿ ನರೆಗೂದಲಿನ ಮಂತ್ರಿಗಳು ಮಾಡುತ್ತಿದ್ದ ಕೆಲಸ ಅದು. ಆದ್ದರಿಂದ ಈ ಉದ್ಯೋಗದ ನೀತಿಯನ್ನು ಕುರಿತು ಒಂದಿಷ್ಟು ವಿಚಾರ ಮಾಡುವುದು ಕುಟುಂಬದ ಪುಟಕ್ಕೆ ಹೊರಗಿನದೇನಲ್ಲ.

ಈ ಸಲಹಾ ಸಂಸ್ಥೆಗಳಲ್ಲಿ ಕೆಲಸ ಹಂಚುವ ಎರಡು ಪದ್ಧತಿಗಳಿವೆಯಂತೆ. ಒಂದರಲ್ಲಿ ಸಲಹೆಗಾರನು ಯಾವ ಊರಿನವನಾದರೂ ಆಗಿರಲಿ, ದೇಶದ ಅಥವಾ ಲೋಕದ ಯಾವ ಮೂಲೆಯಲ್ಲಿ ಗಿರಾಕಿ ಇದ್ದರೂ ಅಲ್ಲಿಗೆ ಅವನನ್ನು ಕಳುಹಿಸುತ್ತಾರೆ. ಸೋಮವಾರ ನಸುಕಿನಲ್ಲಿ ವಿಮಾನ, ಗುರುವಾರ ರಾತ್ರಿ ಮನೆ. ಇನ್ನೊಂದರ ಹೆಸರು ಸ್ಥಳೀಯ ಕಚೇರಿಯ ಪದ್ಧತಿ. ಬೆಂಗಳೂರಿನ ಕಚೇರಿಯವರು ಹೆಚ್ಚಾಗಿ ಬೆಂಗಳೂರಿನ ಸುತ್ತಲಿನ ಗಿರಾಕಿಗಳ ಕೆಲಸ ಮಾಡುವುದು, ಮುಂಬಯಿಯವರು ಮುಂಬಯಿಯದು. 1926ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಮೆಕಿನ್ಸೆಯಂಥ ಕಂಪನಿ ಮೊದಲಿನ ಪದ್ಧತಿಗೆ ಹೆಸರಾದರೆ, 1973ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದ ಬೇನ್ ಎಂಬುದು ಎರಡನೆಯದಕ್ಕೆ ಹೆಸರಾಗಿದೆ. ಕೆಲಸಕ್ಕೆ ಸೇರಬೇಕೆಂದಿರುವ ಹುಡುಗರು ಯಾವುದು ಮೇಲು ಎಂದು ತಮ್ಮತಮ್ಮಲ್ಲಿ ಬಹಳ ಚರ್ಚೆ ಮಾಡುತ್ತಾರೆ. ಅಲ್ಲಿ ಹೆಚ್ಚು ದೇಶ ನೋಡಬಹುದು, ಇಲ್ಲಿ ಹೆಚ್ಚು ನಿದ್ದೆ ಮಾಡಬಹುದು ಎಂಬುದೇ ಅವರ ಚರ್ಚೆಯ ಸಾರ.

ಕುಟುಂಬದ ದೃಷ್ಟಿಯಿಂದ ನೋಡಿದರೆ ಉತ್ತರಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಮದುವೆಯಾಗಿ ಎರಡು ವರ್ಷವಾದ ಗಂಡ ಅಥವಾ ಹೆಂಡತಿ ವಾರದಲ್ಲಿ ನಾಲ್ಕು ದಿನ ಹೋಟೆಲಿನ ಕೋಣೆಯಲ್ಲಿದ್ದರೆ ಆ ಮನೆ ಮನೆಯಾಗುವುದು ನಿಧಾನ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಮಾನವ ದುಡಿಮೆಯನ್ನು ಕುರಿತು ಬರೆದ ವಿಶ್ವಪರಿಪತ್ರದಲ್ಲಿ ದುಡಿಮೆ ಕುಟುಂಬ ಜೀವನಕ್ಕೆ ಅಡಿಪಾಯ ಎಂದು ವಿವರಿಸಿದ್ದಾರೆ. ಅಡಿಪಾಯವೇ ಮನೆಯನ್ನು ಅಲುಗಾಡಿಸುವಂತಾದರೆ ಎಲ್ಲೋ ಏನೋ ಅದಲುಬದಲಾಗಿದೆ ಎಂದೇ ಅರ್ಥ. ಸಂಜೆ ಮನೆಗೆ ಬಂದು ಮಕ್ಕಳೊಡನೆ ಉಣ್ಣಲು ಬಿಡುವ ಪದ್ಧತಿ ಇದ್ದರೆ, ಸಂಬಳದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದನ್ನೇ ಆರಿಸಿಕೊಳ್ಳಿ ಎಂದು ಯಾವ ಧರ್ಮಗುರುವೂ ಹೇಳಿಯಾನು. ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸಲಹೆ ಕೊಡುವವನಿಗೆ ಎಲ್ಲಿ ಅನುಕೂಲ ಎಂಬುದಲ್ಲ; ಸಲಹೆಯ ಫಲವನ್ನು ಉಣ್ಣುವವರಿಂದ ಅವನು ಎಷ್ಟು ದೂರದಲ್ಲಿರಬೇಕು ಎಂಬುದು.

ಮೊದಲಿಗೆ 'ಸ್ಥಳೀಯ' ಎಂಬ ಪದವನ್ನೇ ಸ್ವಲ್ಪ ತಟ್ಟಿ ನೋಡೋಣ. ಮುಧೋಳ ಸೀಮೆಯ ರನ್ನ ಬೆಳಗಲಿಯಿಂದ ಓದಲು ಹೋದ ಒಬ್ಬ ತರುಣನಿದ್ದಾನೆ ಎಂದುಕೊಳ್ಳೋಣ. ಅವನಿಗೆ ಬೆಂಗಳೂರಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಂಪನಿಯ ಲೆಕ್ಕದಲ್ಲಿ ಅವನು ಸ್ಥಳೀಯ. ಆದರೆ ಬೆಂಗಳೂರಿಗೂ ಅವನ ಊರಿಗೂ ನಡುವೆ 500 ಕಿಲೋಮೀಟರಿನಷ್ಟು ದಾರಿಯಿದೆ. ರಾತ್ರಿ ಬಸ್ಸು ಹತ್ತಿದರೆ ಬೆಳಕು ಹರಿಯುವಾಗ ಕಬ್ಬಿನ ಗದ್ದೆ ಕಣ್ಣಿಗೆ ಬೀಳುತ್ತದೆ. ಅಲ್ಲಿನ ಮಾತು ಬೇರೆ, ಊಟ ಬೇರೆ, ನೀರಿನ ರುಚಿ ಬೇರೆ. ಘಟಪ್ರಭೆಯ ದಂಡೆಯ ರೈತನಿಗೆ ಬೆಂಗಳೂರಿನ ಗಾಜಿನ ಕಟ್ಟಡವೂ ಬೋಸ್ಟನ್ನಿನ ಗಾಜಿನ ಕಟ್ಟಡವೂ ಹೆಚ್ಚು ಕಡಿಮೆ ಒಂದೇ ದೂರದಲ್ಲಿವೆ. ನಕ್ಷೆಯ ಮೇಲೆ ಕಂಪನಿ ಎಳೆದ ವೃತ್ತ ಜನರ ಬದುಕಿನ ವೃತ್ತವಲ್ಲ.

ಊರು ಬಿಟ್ಟು ಹೋಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆ ಊರೇ ಬಿಡುವುದಿಲ್ಲ. ಸಾವಿರ ವರ್ಷಗಳ ಹಿಂದೆ, 949ರಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ಒಬ್ಬ ಹುಡುಗ ವಿದ್ಯೆಯ ಹಸಿವಿನಿಂದ ಬೆಳಗಲಿಯನ್ನು ಬಿಟ್ಟು ದಕ್ಷಿಣದ ಗಂಗನಾಡಿಗೆ ನಡೆದ. ಅಜಿತಸೇನಾಚಾರ್ಯರಲ್ಲಿ ಕಲಿತ, ಚಾವುಂಡರಾಯನ ಆಶ್ರಯ ಪಡೆದ, ಮುಂದೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಬಿಟ್ಟು ಹೋದವನ ಹೆಸರನ್ನೇ ಊರು ತನ್ನ ಹೆಸರಿನ ಮುಂದೆ ಇಟ್ಟುಕೊಂಡು ರನ್ನ ಬೆಳಗಲಿಯಾಗಿದೆ. ಬಳೆ ಮಾರಿಕೊಂಡು ಅಲ್ಲಿಯೇ ಇದ್ದಿದ್ದರೆ ನಮಗೆ ಅಜಿತಪುರಾಣವೂ ಇರುತ್ತಿರಲಿಲ್ಲ, ಗದಾಯುದ್ಧವೂ ಇರುತ್ತಿರಲಿಲ್ಲ.

ಸಲಹೆಯ ವಿಷಯಕ್ಕೆ ಬಂದರೆ ಪವಿತ್ರ ಬೈಬಲಿನಲ್ಲಿ ನನಗೆ ಬಹಳ ಪ್ರಿಯವಾದ ಒಬ್ಬ ವ್ಯಕ್ತಿಯಿದ್ದಾನೆ. ಮೋಶೆಯ ಮಾವ ಇತ್ರೋ. ವಿಮೋಚನಾಕಾಂಡದ 18ನೆಯ ಅಧ್ಯಾಯವನ್ನು ಮನೆಯಲ್ಲಿ ಒಂದು ಸಂಜೆ ಎಲ್ಲರೂ ಕೂಡಿ ಓದಿರಿ. ಇತ್ರೋ ಇಸ್ರಯೇಲನಲ್ಲ, ಮಿದ್ಯಾನಿನ ಯಾಜಕ, ಹೊರಗಿನವನು. ಅವನು ಮರುಭೂಮಿಯ ಪಾಳೆಯಕ್ಕೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ತವರಿಗೆ ಕಳುಹಿಸಲ್ಪಟ್ಟಿದ್ದ ಮೋಶೆಯ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬರುತ್ತಾನೆ. ಒಂದು ಜನಾಂಗವನ್ನೇ ಹೊತ್ತು ನಡೆಸುತ್ತಿದ್ದ ಅಳಿಯನಿಗೆ ಮನೆ ಎಂಬುದೊಂದು ಇದೆ ಎಂದು ಮಾವನು ಮೊದಲು ನೆನಪಿಸುತ್ತಾನೆ. ಮರುದಿನ ಏನಾಗುತ್ತದೆ? ಮೋಶೆ ನ್ಯಾಯ ತೀರಿಸಲು ಕುಳಿತುಕೊಳ್ಳುತ್ತಾನೆ, ಜನ ಬೆಳಗಿನಿಂದ ಸಂಜೆಯವರೆಗೆ ಸಾಲುಗಟ್ಟಿ ನಿಂತಿರುತ್ತಾರೆ. ಇತ್ರೋ ನೋಡುತ್ತಾನೆ. ನೋಡಿದ ಮೇಲೆ ಮೊದಲು ಅವನ ಬಾಯಿಂದ ಬರುವುದು ಸಲಹೆಯಲ್ಲ, ಪ್ರಶ್ನೆ: ಇದೇನು ಮಾಡುತ್ತಿದ್ದೀಯೆ, ಒಬ್ಬನೇ ಏಕೆ ಕುಳಿತಿದ್ದೀಯೆ ಎಂದು. ಮೋಶೆಯ ಉತ್ತರ ಕೇಳಿಯೇ ಅವನು ತನ್ನ ಮಾತು ಹೇಳುತ್ತಾನೆ. ನೀನೂ ದಣಿಯುತ್ತೀ, ಈ ಜನರೂ ದಣಿಯುತ್ತಾರೆ. ದೇವರಿಗೆ ಅಂಜುವ, ಲಂಚಕ್ಕೆ ಹೇಸುವ, ಸಮರ್ಥರನ್ನು ಆರಿಸಿ ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ನೇಮಿಸು. ದೊಡ್ಡ ವ್ಯಾಜ್ಯ ಮಾತ್ರ ನಿನ್ನ ಬಳಿ ಬರಲಿ.

ಹತ್ತು ಮನೆಗೆ ಒಬ್ಬ ನ್ಯಾಯಾಧಿಪತಿ! ಇದಕ್ಕಿಂತ ಸ್ಥಳೀಯವಾದ ಕಚೇರಿ ಇನ್ನೊಂದಿಲ್ಲ. ಸ್ವಾರಸ್ಯವೇನೆಂದರೆ ಅದನ್ನು ಸೂಚಿಸಿದವನು ಹೊರಗಿನಿಂದ ಬಂದವನು. ಒಳಗಿದ್ದವರೆಲ್ಲ ಆ ಸಾಲಿನಲ್ಲಿ ನಿಂತುನಿಂತು ಅದೇ ಸರಿ ಎಂದುಕೊಂಡಿದ್ದರು. 1931ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರು, ಕೆಳಗಿನ ಸಣ್ಣ ಸಮುದಾಯ ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ಮೇಲಿನ ದೊಡ್ಡದು ಕಸಿದುಕೊಳ್ಳುವುದು ಅನ್ಯಾಯ ಎಂದು ಬೋಧಿಸಿದರು. ಅದರ ಬೀಜ ಇತ್ರೋವಿನ ಈ ಮಾತಿನಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಇನ್ನೊಂದನ್ನೂ ಗಮನಿಸಿರಿ. ದೇವರು ನಿನಗೆ ಹಾಗೆ ಅಪ್ಪಣೆ ಕೊಟ್ಟರೆ ಎಂಬ ಷರತ್ತನ್ನು ಅವನು ತನ್ನ ಸಲಹೆಗೆ ತಾನೇ ಹಾಕುತ್ತಾನೆ. ತೀರ್ಮಾನ ಮೋಶೆಯದು. ಆಮೇಲೆ ಇತ್ರೋ ತನ್ನ ನಾಡಿಗೆ ಹೊರಟುಹೋಗುತ್ತಾನೆ. ಮುಂದಿನ ವರ್ಷಕ್ಕೂ ನನ್ನನ್ನೇ ಇಟ್ಟುಕೋ ಎನ್ನುವುದಿಲ್ಲ.

ಹಾಗಾದರೆ ದೂರದವನೇ ಒಳ್ಳೆಯ ಸಲಹೆಗಾರನೇ? ಇದಕ್ಕೆ ಎದುರಾದ ಚಿತ್ರ ಬೆಳಗಲಿಯ ಕವಿಯ ಕಾವ್ಯದಲ್ಲಿಯೇ ಇದೆ. ಗದಾಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದು ಶರಶಯ್ಯೆಯ ಮೇಲಿರುವ ಭೀಷ್ಮರ ಬಳಿಗೆ ಹೋಗುತ್ತಾನೆ. ಭೀಷ್ಮರು ಮೊದಲು ಹೇಳುವುದು ಸಂಧಿ ಮಾಡಿಕೋ ಎಂದು. ಛಲದ ಅರಸ ಒಪ್ಪುವುದಿಲ್ಲ. ಆಗ ಅಜ್ಜ ಎರಡನೆಯ ಸಲಹೆ ಕೊಡುತ್ತಾರೆ: ಹಾಗಾದರೆ ಬಲರಾಮ, ಅಶ್ವತ್ಥಾಮ ಮೊದಲಾದವರು ಬರುವವರೆಗೆ ವೈಶಂಪಾಯನ ಸರೋವರದಲ್ಲಿ ಅಡಗಿರು. ಆ ಸರೋವರದ ದಂಡೆಯಲ್ಲಿ ಕಥೆ ಹೇಗೆ ಮುಗಿಯಿತೆಂಬುದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಭೀಷ್ಮರು ಆ ಮನೆಯ ಹಿರಿಯರು, ಆ ಮನೆಯ ಅನ್ನ ಉಂಡವರು. ಅವರಿಗಿಂತ ಹತ್ತಿರದವರು ಯಾರು? ಎಲ್ಲವೂ ಅವರಿಗೆ ಗೊತ್ತಿತ್ತು. ಆದರೆ ಗೊತ್ತಿದ್ದುದನ್ನು ಗಟ್ಟಿಯಾಗಿ ಹೇಳಿ ಎದ್ದು ಹೊರಡುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ. ಅನ್ನದ ಋಣ ಎಂಬುದು ನಮ್ಮ ನಾಡಿನಲ್ಲಿ ಸಣ್ಣ ಮಾತಲ್ಲ.

ಭೀಷ್ಮರ ಎರಡನೆಯ ಸಲಹೆಯನ್ನು ನೀತಿಶಾಸ್ತ್ರದ ಪಂಡಿತರ ಮುಂದಿಟ್ಟರೆ ದೊಡ್ಡ ವಾದವೇ ಆದೀತು. ಒಬ್ಬನು ದೊಡ್ಡ ಕೆಡುಕಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಗ ಅವನಿಗೆ ಅದಕ್ಕಿಂತ ಸಣ್ಣ ಕೆಡುಕನ್ನು ಸೂಚಿಸಬಹುದೇ? ಸಂತ ಅಲ್ಫೋನ್ಸ್ ಲಿಗೋರಿಯವರು, ಬೇರೆ ದಾರಿಯಿಂದ ಅವನನ್ನು ತಡೆಯಲಾಗದಿದ್ದರೆ ಸೂಚಿಸಬಹುದು ಎಂಬ ಪಕ್ಷದವರು. ಇನ್ನು ಕೆಲವರು ಒಪ್ಪುವುದಿಲ್ಲ. ಆದರೆ ಎರಡೂ ಪಕ್ಷದವರು ಒಪ್ಪುವ ಒಂದು ಮಾತಿದೆ: ಎರಡನೆಯ ಸಲಹೆ ಕೆಡುಕನ್ನು ನಿಜವಾಗಿ ಕಡಿಮೆ ಮಾಡುವಂತಿರಬೇಕೇ ಹೊರತು, ಗಿರಾಕಿಯ ಹಟಕ್ಕೆ ಅನುಕೂಲವಾಗಿರುವುದು ಸಾಲದು. ಇಂದಿನ ಸಲಹಾ ಸಂಸ್ಥೆಯಲ್ಲಿ ದುಡಿಯುವ ಹುಡುಗರಿಗೆ ಈ ಪ್ರಸಂಗ ದಿನನಿತ್ಯದ್ದು. ಮೊದಲ ವರದಿ ಗಿರಾಕಿಗೆ ಸೇರಲಿಲ್ಲ. ಎರಡನೆಯದನ್ನು ಬರೆಯಿರಿ ಎನ್ನುತ್ತಾರೆ. ಎರಡನೆಯದು ಯಾವ ಜಾತಿಯದು ಎಂದು ಬರೆಯುವವನಿಗೆ ಒಳಗೆ ಗೊತ್ತಿರುತ್ತದೆ.

"ನಾವು ಸಲಹೆ ಮಾತ್ರ ಕೊಡುತ್ತೇವೆ, ಮಾಡುವುದು ಬಿಡುವುದು ಅವರಿಗೆ ಸೇರಿದ್ದು" ಎಂಬ ಮಾತನ್ನು ನಾನು ಇಂಥ ತರುಣರ ಬಾಯಲ್ಲಿ ಕೇಳಿದ್ದೇನೆ. ಅರ್ಧ ನಿಜ. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದಲ್ಲಿ ಮೂರು ಹೆಜ್ಜೆಗಳನ್ನು ಗುರುತಿಸುತ್ತಾರೆ. ಆಲೋಚಿಸುವುದು, ತೀರ್ಮಾನಿಸುವುದು, ಆಜ್ಞಾಪಿಸಿ ನೆರವೇರಿಸುವುದು. ಮೂರನೆಯದೇ ಮುಖ್ಯವೆಂದು ಅವರ ಅಭಿಪ್ರಾಯ. ಸಲಹೆಗಾರನು ಮೊದಲನೆಯದನ್ನು ಮಾಡುತ್ತಾನೆ, ಎರಡನೆಯದಕ್ಕೆ ನೆರವಾಗುತ್ತಾನೆ, ಮೂರನೆಯದು ಗಿರಾಕಿಯ ಕೈಯಲ್ಲಿದೆ. ಹೀಗೆ ಒಬ್ಬ ಮನುಷ್ಯನೊಳಗೆ ಒಂದಾಗಿರಬೇಕಾದ ವಿವೇಕವನ್ನು ಎರಡು ಕಂಪನಿಗಳು ಹಂಚಿಕೊಂಡಿವೆ. ಹಂಚಿಕೊಂಡ ಮಾತ್ರಕ್ಕೆ ಹೊಣೆಯೂ ಹಂಚಿ ಹೋಗಿ ಸೊನ್ನೆಯಾಗುವುದಿಲ್ಲ. ಇನ್ನೊಬ್ಬರ ಪಾಪದಲ್ಲಿ ಪಾಲುಗಾರರಾಗುವ ದಾರಿಗಳನ್ನು ನಾವು ಧರ್ಮೋಪದೇಶದಲ್ಲಿ ಚಿಕ್ಕಂದಿನಲ್ಲಿಯೇ ಕಲಿತಿದ್ದೇವೆ. ಅಪ್ಪಣೆ ಕೊಡುವುದು, ಒಪ್ಪಿಗೆ ಕೊಡುವುದು, ಹೊಗಳುವುದು, ಮುಚ್ಚಿಡುವುದು, ಇವುಗಳ ಜೊತೆಗೆ ಸಲಹೆ ಕೊಡುವುದೂ ಆ ಪಟ್ಟಿಯಲ್ಲಿದೆ. ತೋಮಸರು ಇನ್ನೂ ಮುಂದೆ ಹೋಗಿ, ಅನ್ಯಾಯವಾಗಿ ಕಸಿದುಕೊಂಡದ್ದನ್ನು ಹಿಂತಿರುಗಿಸುವ ಹೊಣೆ ಯಾರಿಗೆ ಎಂದು ಕೇಳುತ್ತಾರೆ. ಸಲಹೆ ಕೊಟ್ಟವನಿಗೆ ಯಾವಾಗಲೂ ಅಲ್ಲ. ಆದರೆ ಅವನ ಸಲಹೆಯ ಫಲವಾಗಿಯೇ ಆ ಅನ್ಯಾಯ ನಡೆದಿರಬೇಕೆಂದು ನಂಬಲು ಆಧಾರವಿದ್ದರೆ ಅವನಿಗೂ ಹೊಣೆಯುಂಟು ಎಂದು ಉತ್ತರಿಸುತ್ತಾರೆ. ಏಳುನೂರು ವರ್ಷಗಳಿಗೂ ಹಿಂದಿನ ಈ ಮಾತನ್ನು ಯಾವ ಕಂಪನಿಯ ಕರಾರು ಪತ್ರದಲ್ಲಿಯೂ ನೀವು ಕಾಣಲಾರಿರಿ. ಕೋಟಿಗಟ್ಟಲೆ ಶುಲ್ಕ ತೆಗೆದುಕೊಂಡು ಕೊಟ್ಟ ಸಲಹೆ ಯಾವ ಫಲವನ್ನೂ ತರಲಿಲ್ಲ ಎಂದು ಸಂಸ್ಥೆಯೇ ಹೇಳಲಾರದಷ್ಟೆ. ಫಲ ತಂದಿದ್ದಕ್ಕೇ ಹಣ ಎಂದಾದ ಮೇಲೆ ಫಲದ ಹೊಣೆಯೂ ಜೊತೆಗೇ ಬರುತ್ತದೆ.

ಹತ್ತಿರವಿರುವುದರ ಮಹತ್ವ ನನಗೆ ಕಾಣುವುದು ಈ ಹೊಣೆಯ ವಿಷಯದಲ್ಲಿ. ಹತ್ತಿರವಿದ್ದವನ ಜ್ಞಾನ ದೊಡ್ಡದು ಎಂದೇನಲ್ಲ. ಹತ್ತಿರವಿದ್ದರೆ ನೊಂದವನು ಬಂದು ಬಾಗಿಲು ತಟ್ಟಬಹುದು. ನಮ್ಮ ಹಳ್ಳಿಯ ವೈದ್ಯನು ತಪ್ಪು ಔಷಧ ಕೊಡಲು ಅಂಜುತ್ತಿದ್ದುದು ಶಾಸ್ತ್ರಜ್ಞಾನದಿಂದ ಮಾತ್ರವಲ್ಲ, ಮರುದಿನ ಅದೇ ಓಣಿಯಲ್ಲಿ ನಡೆಯಬೇಕಲ್ಲ ಎಂಬ ಭಯದಿಂದಲೂ ಹೌದು. ಧರ್ಮಸಭೆ ಈ ವಿಷಯವನ್ನು ಕಷ್ಟಪಟ್ಟು ಕಲಿಯಿತು. ಧರ್ಮಕ್ಷೇತ್ರದ ಆದಾಯ ತಿಂದು ಬೇರೆ ನಗರದಲ್ಲಿ ವಾಸಿಸುತ್ತಿದ್ದ ಧರ್ಮಾಧ್ಯಕ್ಷರು ಒಂದು ಕಾಲದಲ್ಲಿ ಯುರೋಪಿನಲ್ಲಿ ಬಹಳ ಇದ್ದರು. ಟ್ರೆಂಟ್ ಮಹಾಸಭೆ 1547ರಲ್ಲೊಮ್ಮೆ, 1563ರಲ್ಲಿ ಮತ್ತೊಮ್ಮೆ ಕುರುಬನು ಕುರಿಗಳ ನಡುವೆ ವಾಸಿಸಲೇಬೇಕೆಂದು ವಿಧಿಸಬೇಕಾಯಿತು. ಇಂದಿಗೂ ಧರ್ಮಸಭೆಯ ಕಾನೂನಿನಲ್ಲಿ ಧರ್ಮಕೇಂದ್ರದ ಗುರುವು ದೇವಾಲಯದ ಹತ್ತಿರದ ಗುರುನಿವಾಸದಲ್ಲಿ ಇರಬೇಕೆಂಬ ನಿಯಮವಿದೆ. ನಮ್ಮದೂ ಒಂದು ಬಗೆಯ ಸ್ಥಳೀಯ ಕಚೇರಿಯ ಪದ್ಧತಿಯೇ ಎನ್ನಬಹುದು, ಸಂಬಳದ ಮಾತೊಂದನ್ನು ಬಿಟ್ಟರೆ!

ಆದರೂ ಅದೇ ಧರ್ಮಸಭೆ ಸಂತ ಫ್ರಾನ್ಸಿಸರನ್ನೂ ಸಂತ ದೋಮಿನಿಕರನ್ನೂ ಊರೂರು ಅಲೆಯಲು ಬಿಟ್ಟಿತು. ಒಂದೇ ಕಡೆ ನೆಲೆಸಿದ ಗುರುಗಳು ಹೇಳಲಾರದ ಮಾತನ್ನು ಹೇಳಲು ಅಲೆಯುವ ಸಂನ್ಯಾಸಿಗಳು ಬೇಕಾಗಿದ್ದರು. ಹತ್ತಿರದವನ ಮಾತಿಗೆ ಬೆಲೆ ಕಡಿಮೆ ಎಂಬುದನ್ನು ನಜರೇತಿನಲ್ಲಿ ಪ್ರಭು ಯೇಸುವೇ ಅನುಭವಿಸಿದರು. ಬಡಗಿಯ ಮಗನಲ್ಲವೇ ಎಂದರು ಜನ. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ನಜರೇತಿನವರಿಗೂ ಗೊತ್ತಿದ್ದಂತೆ ಕಾಣುತ್ತದೆ. ಇನ್ನೊಂದು ದೋಷವೂ ಹತ್ತಿರದಲ್ಲಿದೆ. ಒಂದೇ ನಗರದ ಸಲಹೆಗಾರನೂ ಗಿರಾಕಿಯೂ ಒಂದೇ ಮದುವೆಗೆ ಹೋಗುತ್ತಾರೆ, ಒಂದೇ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಾರೆ. ಕಹಿ ಮಾತು ಹೇಳುವಾಗ ನಾಲಗೆ ತಡವರಿಸುತ್ತದೆ. ಸಾಮಾನ್ಯವಾಗಿ ಹತ್ತಿರವಿರುವುದು ಶ್ರೀಮಂತ ಗಿರಾಕಿಗೇ ಹೊರತು ಅವನ ಕೆಲಸಗಾರನಿಗಲ್ಲ. ಇದನ್ನು ಸ್ಥಳೀಯತೆ ಎನ್ನುವುದಕ್ಕಿಂತ ನೆಂಟಸ್ತನ ಎನ್ನುವುದು ಸರಿ.

ನಮ್ಮವರೇ ಹೊರಗೆ ಹೋಗಿ ಕೊಟ್ಟ ಸಲಹೆಗೆ ಒಂದು ಒಳ್ಳೆಯ ನಿದರ್ಶನವಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಾಗ ನಿಜಾಮರು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿದರು. 1909ರಲ್ಲಿ ಅವರು ಅಲ್ಲಿ ಕೆಲವು ತಿಂಗಳು ಮಾತ್ರ ಇದ್ದರು. ಆದರೆ ಆ ತಿಂಗಳುಗಳಲ್ಲಿ ಮಳೆಯ ಲೆಕ್ಕ, ಹಳ್ಳಕೊಳ್ಳಗಳ ಲೆಕ್ಕ ಹಿಡಿದು ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ಹೇಳಿದರು. ಅದೇ ವರ್ಷ ಮೈಸೂರಿನ ಮುಖ್ಯ ಎಂಜಿನಿಯರಾಗಿ ಹಿಂತಿರುಗಿದರು. ಕಟ್ಟಿದವರು ಅಲ್ಲಿಯವರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಇಂದಿಗೂ ಅಲ್ಲಿವೆ. ಇತ್ರೋವಿನಂತೆ ಅವರೂ ನೋಡಿ, ಹೇಳಿ, ಹೊರಟುಬಂದರು.

ನಮ್ಮ ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಕೊಡುವ ಪ್ರಯೋಗ ಮಾಡಲು ವಿಶ್ವಬ್ಯಾಂಕಿನ ಸಾಲದಿಂದ ಒಂದು ಫ್ರೆಂಚ್ ಕಂಪನಿ ಬಂದದ್ದೂ ಹಲವರಿಗೆ ನೆನಪಿರಬಹುದು. 2008ರ ಹೊತ್ತಿಗೆ ಆಯ್ದ ಬಡಾವಣೆಗಳಲ್ಲಿ ನೀರು ಬಂತು. ಅದರ ಸುತ್ತ ವಿವಾದಗಳೂ ಇದ್ದವು, ಅವುಗಳಿಗೆ ಈಗ ಹೋಗುವುದಿಲ್ಲ. ನನಗೆ ಮೆಚ್ಚುಗೆಯಾದದ್ದು ಒಂದೇ ಅಂಶ. ಆ ಕಂಪನಿಯ ಸಂಭಾವನೆಯ ಒಂದು ಭಾಗವನ್ನು ಫಲಿತಾಂಶಕ್ಕೆ ಕಟ್ಟಿಹಾಕಲಾಗಿತ್ತು. ದೂರದವನನ್ನು ಹತ್ತಿರ ತರುವ ಒಂದು ಉಪಾಯ ಅದು. ಅವನ ಮನೆಯನ್ನು ಇಲ್ಲಿಗೆ ತರಲಾಗದಿದ್ದರೂ ಅವನ ಜೇಬನ್ನು ಇಲ್ಲಿಯ ನಲ್ಲಿಗೆ ಕಟ್ಟಿದರು.

ಈಗ ಮೊದಲು ಹೇಳಿದ ಕಾಲ್ಪನಿಕ ತರುಣನ ಬಳಿಗೆ ಹೋಗೋಣ. ಗುರುಮಠದಲ್ಲಿ ನೀತಿಶಾಸ್ತ್ರ ಕಲಿಸುವಾಗ ಒಂದು ಪ್ರಸಂಗವನ್ನು ಕೊಟ್ಟು ಇದರಲ್ಲಿ ಏನು ಮಾಡಬೇಕು ಎಂದು ಕೇಳುವ ರೂಢಿಯಿದೆ. ಪ್ರಸಂಗ ಹೀಗಿರಲಿ. ಬೆಂಗಳೂರಿನ ಕಚೇರಿಗೆ ಘಟಪ್ರಭೆಯ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ಕೆಲಸ ಬರುತ್ತದೆ. ಕಾರ್ಖಾನೆಗೆ ಹಣದ ಬಿಗಿ. ಕಚೇರಿಯವರು ನೋಡುತ್ತಾರೆ, ಈ ಹುಡುಗ ಅದೇ ಸೀಮೆಯವನು, ಭಾಷೆ ಬಲ್ಲವನು, ಸ್ಥಳೀಯ ಪದ್ಧತಿಗೆ ಇವನಿಗಿಂತ ತಕ್ಕವರಿಲ್ಲ ಎಂದು ಅವನನ್ನೇ ಆ ತಂಡಕ್ಕೆ ಹಾಕುತ್ತಾರೆ. ಅವನ ತಂದೆ ರನ್ನ ಬೆಳಗಲಿಯಲ್ಲಿ ನಾಲ್ಕು ಎಕರೆ ಕಬ್ಬು ಬೆಳೆದು ಅದೇ ಕಾರ್ಖಾನೆಗೆ ಕಳುಹಿಸುವವರು. ತಂಡದ ಹಿರಿಯರು ಒಂದು ಉಪಾಯ ಹುಡುಕುತ್ತಾರೆ. ಸಾಲಕ್ಕೆ ಬಡ್ಡಿ ಕಟ್ಟುವ ಬದಲು ರೈತರ ಬಿಲ್ಲನ್ನೇ ಮೂರು ತಿಂಗಳು ಮುಂದೂಡಿದರೆ ಹೇಗೆ? ವರದಿಯಲ್ಲಿ ಅದಕ್ಕೆ ವರ್ಕಿಂಗ್ ಕ್ಯಾಪಿಟಲ್ ಸುಧಾರಣೆ ಎಂಬ ಸೊಗಸಾದ ಹೆಸರು.

ಬೆಳಗಲಿಯಲ್ಲಿ ಅದಕ್ಕೆ ಇರುವ ಹೆಸರು ಬೇರೆ. ಕಬ್ಬಿನ ಬಿಲ್ಲು ಬರದಿದ್ದರೆ ಸೊಸೈಟಿಯ ಸಾಲ ತೀರುವುದಿಲ್ಲ, ಕಟಾವಿನ ಗ್ಯಾಂಗಿನವರಿಗೆ ಕೊಟ್ಟ ಮುಂಗಡಕ್ಕೆ ತಂದ ಕೈಸಾಲದ ಬಡ್ಡಿ ಏರುತ್ತದೆ, ಮಗಳ ಕಾಲೇಜಿನ ಫೀ ನಿಲ್ಲುತ್ತದೆ. ಸಕ್ಕರೆಗೆ ರೊಕ್ಕವಿಲ್ಲ ಎನ್ನುವ ಕಾರ್ಖಾನೆಗೆ ಬ್ಯಾಂಕು ಬಡ್ಡಿ ಹಾಕಿ ಸಾಲ ಕೊಡುತ್ತದೆ, ರೈತನು ಬಡ್ಡಿಯಿಲ್ಲದೆ ಕೊಡುತ್ತಾನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು. ಕಾಗದದಲ್ಲಿರುವ ಈ ಮಾತು ಕಾಟಾದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಕಾಯುವ ರೈತನವರೆಗೆ ಬರುವುದು ಎಷ್ಟು ಕಷ್ಟ ಎಂಬುದು ಆ ಸೀಮೆಯವರಿಗೆ ಗೊತ್ತು. 2025ರ ನವೆಂಬರಿನಲ್ಲಿ ಗುರ್ಲಾಪುರದ ರಸ್ತೆಯಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ದಿನಗಟ್ಟಲೆ ಕುಳಿತರು. ಸರ್ಕಾರ 3,300ಕ್ಕೆ ತೀರ್ಮಾನ ಮಾಡಿಸಿತು. ಮುಧೋಳದ ಕಡೆ ಅಷ್ಟಕ್ಕೂ ಸಮಾಧಾನವಾಗದೆ ಕಬ್ಬು ತುಂಬಿದ ವಾಹನಗಳಿಗೆ ಬೆಂಕಿ ಬಿದ್ದುದನ್ನೂ ನಾವು ಓದಿದೆವು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಸುಟ್ಟದ್ದೂ ಒಬ್ಬ ರೈತನ ಬೆವರೇ. ಆದರೆ ಬೆಂಗಳೂರಿನ ಕೋಣೆಯಲ್ಲಿ ಒಂದು ಗೆರೆ ಎಳೆದರೆ ಇಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಇಷ್ಟು ಸಾಕು.

ನಮ್ಮ ತರುಣ ಏನು ಮಾಡಬೇಕು? ಮೊದಲನೆಯದಾಗಿ, ತನ್ನ ತಂದೆ ಅದೇ ಕಾರ್ಖಾನೆಗೆ ಕಬ್ಬು ಹಾಕುವವರು ಎಂದು ಮೇಲಿನವರಿಗೆ ಕೆಲಸ ಪ್ರಾರಂಭವಾಗುವ ಮೊದಲೇ ಬರಹದಲ್ಲಿ ತಿಳಿಸಬೇಕು. ಕಂಪನಿ ಅವನನ್ನು ಆ ತಂಡದಿಂದ ತೆಗೆದರೆ ಬೇಸರ ಬೇಡ, ಅದು ನ್ಯಾಯವೇ. ತೆಗೆಯದೆ, ನಿನ್ನ ತಿಳಿವಳಿಕೆ ನಮಗೆ ಬೇಕು ಎಂದರೆ ಇರಬಹುದು. ಆಗ ಅವನು ತಂದೆಯ ವಕೀಲನಾಗಿ ಅಲ್ಲಿ ಕೂಡುವಂತಿಲ್ಲ. ಕಾರ್ಖಾನೆ ನಿಂತುಹೋದರೆ ಆ ನಾಲ್ಕು ಎಕರೆ ಕಬ್ಬೂ ಒಣಗುತ್ತದೆ, ಆದ್ದರಿಂದ ಕಾರ್ಖಾನೆಯ ಕ್ಷೇಮವನ್ನೂ ಪ್ರಾಮಾಣಿಕವಾಗಿಯೇ ನೋಡಬೇಕು. ಆದರೆ ಆ ಕೋಣೆಯಲ್ಲಿ ರೈತನ ಮನೆಯ ಲೆಕ್ಕ ಗೊತ್ತಿರುವವನು ಅವನೊಬ್ಬನೇ. ಅದನ್ನು ಮಾತಾಡದೆ ನುಂಗಿದರೆ ಅವನು ಹತ್ತಿರದವನೆಂದು ಅವನನ್ನು ಅಲ್ಲಿ ಕೂರಿಸಿದ್ದಕ್ಕೆ ಅರ್ಥವೇ ಇಲ್ಲ. ಹಣ ಕೊಡದವರನ್ನೂ, ಅಂದರೆ ಕಟಾವಿನವರು, ಗಾಡಿಯವರು, ಸಣ್ಣ ಹಿಡುವಳಿದಾರರು ಇವರನ್ನೂ ಮಾತಾಡಿಸಿ ವರದಿ ಬರೆಯೋಣ ಎಂದು ಕೇಳುವುದು ಅವನ ಕರ್ತವ್ಯ. ಇತ್ರೋ ಮೋಶೆಯನ್ನು ಮಾತ್ರ ನೋಡಲಿಲ್ಲ, ಬಿಸಿಲಿನಲ್ಲಿ ನಿಂತಿದ್ದ ಜನರ ದಣಿವನ್ನೂ ನೋಡಿದ. 14 ದಿನಗಳ ನಿಯಮವನ್ನು ಮುರಿಯುವ ಉಪಾಯ ವರದಿಯಲ್ಲಿ ಉಳಿದರೆ, ಇದಕ್ಕೆ ನನ್ನ ಹೆಸರು ಬೇಡ ಎನ್ನಬೇಕಾಗುತ್ತದೆ. ಕೆಲಸ ಹೋಗಬಹುದು. ಹೋಗದೆಯೂ ಇರಬಹುದು, ಇಂಥ ಸಂಸ್ಥೆಗಳಲ್ಲಿ ಮನಸ್ಸಾಕ್ಷಿಯ ಮಾತನ್ನು ಕೇಳುವ ಹಿರಿಯರು ಇರುವುದಿಲ್ಲವೆಂದು ಮೊದಲೇ ನಂಬುವುದೂ ಒಂದು ಬಗೆಯ ಅನ್ಯಾಯ.

ಇನ್ನು ಎಲ್ಲಕ್ಕಿಂತ ಕಷ್ಟದ ಭಾಗ. ದೂರದ ಊರಿನಿಂದ ಬಂದ ಸಲಹೆಗಾರ ಗುರುವಾರ ವಿಮಾನ ಹತ್ತಿದರೆ ಮುಗಿಯಿತು. ಇವನು ಹಬ್ಬಕ್ಕೆ ಬೆಳಗಲಿಗೆ ಬರುತ್ತಾನೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿಕೊಂಡು ತಂದೆಯ ಪಕ್ಕ ಊಟಕ್ಕೆ ಕುಳಿತಾಗ ತಂದೆ ಸಹಜವಾಗಿ ಕೇಳುತ್ತಾರೆ: "ಏನಪಾ, ನಮ್ಮ ಫ್ಯಾಕ್ಟರಿ ಕೆಲಸಾನ ಮಾಡಾಕತ್ತೀ ಅಂತಲ್ಲ, ಈ ಸಲ ಬಿಲ್ಲು ಯಾವಾಗ ಹಾಕ್ತಾರ?" ಉತ್ತರ ಅವನಿಗೆ ಗೊತ್ತು. ಕೆಲಸದಲ್ಲಿ ನಂಬಿ ಒಪ್ಪಿಸಿದ ಗುಟ್ಟನ್ನು ಕಾಪಾಡುವುದು ಕಟ್ಟುನಿಟ್ಟಾದ ಕರ್ತವ್ಯವೆಂದೂ, ಅದನ್ನು ತೆರೆಯದೆ ಒಬ್ಬರಿಗೆ ಘೋರ ಹಾನಿಯನ್ನು ತಪ್ಪಿಸಲಾಗದು ಎಂಬಂಥ ಸಂದರ್ಭದಲ್ಲಿ ಮಾತ್ರ ಆ ಕಟ್ಟು ಸಡಿಲವಾಗುತ್ತದೆಂದೂ ನಮ್ಮ ನೀತಿಶಾಸ್ತ್ರ ಹೇಳುತ್ತದೆ. ತಡವಾಗುವ ಒಂದು ಬಿಲ್ಲು ನೋವಿನ ಸಂಗತಿ, ಆದರೆ ಅದರ ವಿರುದ್ಧ ಕಾನೂನೂ ಕಚೇರಿಯೂ ಇವೆ, ತಂಡದೊಳಗೆ ಅವನ ಮಾತೂ ಇದೆ. ಆದ್ದರಿಂದ ಅಡಿಗೆಮನೆಯಲ್ಲಿ ಗುಟ್ಟು ಬಿಡುವ ಹಕ್ಕು ಅವನಿಗೆ ಬರುವುದಿಲ್ಲ. ಪಕ್ಕದ ಹೊಲದವನಿಗೆ ಸಿಗದ ಸುದ್ದಿ ತನ್ನ ತಂದೆಗೆ ಮಾತ್ರ ಸಿಕ್ಕರೆ ಅದೂ ಅನ್ಯಾಯವೇ. ಹಾಗೆಂದು "ನನಗೇನು ಗೊತ್ತಿಲ್ಲಪ್ಪಾ" ಎಂದು ಸುಳ್ಳು ಹೇಳುವಂತೆಯೂ ಇಲ್ಲ. ಗುಟ್ಟನ್ನು ಕಾಯುವುದು ಬೇರೆ, ಸುಳ್ಳಾಡುವುದು ಬೇರೆ. ಅವನು ಹೇಳಬಹುದಾದದ್ದು ಒಂದೇ: "ಅದನ್ನ ನಾ ಹೇಳೂವಂಗಿಲ್ಲಪ್ಪಾ. ಆದ್ರ ಹದಿನಾಕು ದಿನದಾಗ ಕೊಡಬೇಕಂತ ಕಾಯ್ದೇ ಐತಿ. ತಡಾ ಆದ್ರ ಬಡ್ಡಿ ಕೇಳ್ರಿ, ಎಲ್ಲಾರೂ ಕೂಡಿ ಕೇಳ್ರಿ." ಅದು ಗುಟ್ಟಲ್ಲ, ಗೆಜೆಟ್ಟಿನಲ್ಲಿರುವ ಮಾತು. ತಂದೆ ಸ್ವಲ್ಪ ಹೊತ್ತು ಅವನ ಮುಖ ನೋಡಿ, ಇನ್ನೊಂದು ರೊಟ್ಟಿ ಹಾಕು ಎಂದು ತಾಯಿಗೆ ಹೇಳಬಹುದು.